ನಿಂತು ಜೀಕುವ ಜೋಕಾಲಿ

ಪಾರ್ಕಿನ ಆ ವಿನ್ಯಾಸದ ಚಿತ್ರದಲ್ಲಿ ಬೆಂಚಿನ ಮೇಲೆ ಕೂತಿದ್ದ ಹೆಂಗಸಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕಂಪ್ಯೂಟರಿನಲ್ಲಿ ಹುಟ್ಟಿದವಳು, ಪಾಪ, ಅವಳ ತಪ್ಪೇನೂ ಇಲ್ಲ. ಹಸಿರು ಸೀರೆ, ತೊಡೆಯ ಮೇಲೊಂದು ಚೀಲ, ಚೀಲದ ಪಕ್ಕ ನೀರಿನ ಬಾಟಲಿ. ಎದುರಿಗೆ ಒಂದು ಮಗು ಪ್ಲಾಸ್ಟಿಕ್ ಬುಟ್ಟಿಯಂಥ ಜೋಕಾಲಿಯಲ್ಲಿ ಕೂತು ನಗುತ್ತಿದೆ, ಅದನ್ನು ನೋಡಿ ಇವಳೂ ನಗುತ್ತಿದ್ದಾಳೆ. ಕೆಳಗೆ ‘ತಾಯಂದಿರ ಆಸನ’ ಎಂದು ಬರೆದಿದ್ದರು. ನಾನು ಆಸನ ಕೇಳಿರಲಿಲ್ಲ. ಅದೇ ಜಾಗದಲ್ಲಿ ನಾನು ಕೇಳಿದ್ದು, ಹೆಂಗಸರು ಸೀರೆ ಉಟ್ಟು, ನಿಂತು, ಮುಗಿಲಿಗೆ ಜೀಕುವ ಜೋಕಾಲಿ.

ನಾನು ಬೆಳಗಾವಿಯ ನೆಹರು ನಗರದಲ್ಲಿ ಎರಡು ಕೋಣೆಗಳ ಕಾರ್ಯಾಗಾರ ಇಟ್ಟುಕೊಂಡವಳು. ಗಣಪತಿ ಮಂಟಪ, ನಾಟಕದ ಪರದೆ, ಪ್ರದರ್ಶನದ ಮಳಿಗೆ, ಹೀಗೆ ಕಟ್ಟಿ ಕಳಚುವ ಕೆಲಸದಲ್ಲೇ ಕೂದಲು ಬೆಳ್ಳಗಾಯಿತು. ಅಂಥವಳಿಗೆ ಖಾನಾಪುರ ತಾಲೂಕಿನ ಬೀಡಿ ಊರಿನ ಹತ್ತಿರ ಒಂದು ಥೀಮ್ ಪಾರ್ಕಿನ ಕೆಲಸ ಬಂತು. ಮುಂದೆ ನಿಂತು ಮಾಡಿಸುತ್ತಿದ್ದವರು ಕಟ್ಟಡ ಸಾಮಾನಿನ ವ್ಯಾಪಾರದ ಒಬ್ಬ ಸಾಹುಕಾರರು. ಜಮೀನಿನ ಅರ್ಧ ಭಾಗ ಅವರ ಅಕ್ಕನ ಹೆಸರಿನಲ್ಲಿತ್ತು. ಅಕ್ಕ ಪ್ರತಿ ಸಲವೂ ತಮ್ಮನ ಜೊತೆ ಬಂದು ಕಾರಿನಲ್ಲೇ ಕೂತಿರುತ್ತಿದ್ದರು. ಅರ್ಧ ಜಮೀನಿನ ಒಡತಿಯ ಅಭಿಪ್ರಾಯವನ್ನು ಯಾರೂ ಕೇಳಿದ್ದು ನಾನು ನೋಡಲಿಲ್ಲ.

“ಏನರೆ ನಮ್ಮ ಕಡೀದು ಮಾಡ್ರಿ ಬಾಯಾರ, ಮಂದಿ ಬರೂ ಹಂಗ,” ಎಂದಿದ್ದರು ಸಾಹುಕಾರರು. ನಾನು ಒಂದೇ ಮಾತಿನ ಕಲ್ಪನೆ ಕೊಟ್ಟೆ: ವರ್ಷವಿಡೀ ಪಂಚಮಿ.

ನಮ್ಮ ಕಡೆ ನಾಗರ ಪಂಚಮಿ ಎಂದರೆ ನಾಗಪ್ಪನಿಗೆ ಹಾಲೆರೆದರೆ ಮುಗಿಯಲಿಲ್ಲ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಶೇಂಗಾ ಉಂಡೆ, ಅಳ್ಳಿಟ್ಟು ತಿಂದು ಜೋಕಾಲಿ ಏರುತ್ತಾರೆ. ಪಾರಿಶ್ವಾಡದ ನಮ್ಮ ಮನೆಯ ಹಿಂದೆ ಒಂದು ಹುಣಸೆಮರವಿತ್ತು. ವರ್ಷವೆಲ್ಲ ತನ್ನ ಮಾವನ ಎದುರು ದನಿ ಎತ್ತದ ನನ್ನ ಅವ್ವ, ತವರಿಗೆ ಬಂದ ನನ್ನ ಸೋದರತ್ತೆಯ ಎದುರು ಹಲಗೆಯ ಮೇಲೆ ನಿಂತು ಜೀಕಿದ್ದನ್ನು ಅಲ್ಲೇ ನೋಡಿದೆ. ಟೊಂಗೆಯ ಎಲೆಗೆ ತಲೆ ತಾಗುವಷ್ಟು ಎತ್ತರಕ್ಕೆ ಹೋಗಿ ಬಾಯಿ ತೆರೆದು ನಗುತ್ತಿದ್ದಳು. ಅವ್ವನಿಗೆ ಹಾಗೆ ನಗಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಳಿದವಳೇ ಸೆರಗು ಸರಿಮಾಡಿಕೊಂಡು ರೊಟ್ಟಿ ಬಡಿಯಲು ಹೋದಳು. ನನಗೆ ಆಗ ಬಹಳ ಸಂಕಟವಾಯಿತು, ಈಗಲೂ ಆಗುತ್ತದೆ.

ನಾನು ನೋಡಿದ ಪಾರ್ಕುಗಳಲ್ಲಿ ಹೆಂಗಸರ ಪಾಡು ಇನ್ನೂ ಚೆಂದ. ಮಕ್ಕಳು ಆಡುತ್ತಾರೆ, ಗಂಡಸರು ಮಕ್ಕಳ ನೆಪದಲ್ಲಿ ಆಡುತ್ತಾರೆ, ಹೆಂಗಸರು ಗೋಡೆಯ ಗೂಟದಂತೆ ನಿಂತಿರುತ್ತಾರೆ. ಎಲ್ಲರೂ ಬಂದು ಚೀಲ, ಚಪ್ಪಲಿ, ಒದ್ದೆ ಟವೆಲ್ಲು ನೇತುಹಾಕಿ ಹೋಗುತ್ತಾರೆ. ನನ್ನ ಪಾರ್ಕಿನಲ್ಲಿ ಅದು ನಡೆಯಬಾರದು ಎಂದು ಹಟ ತೊಟ್ಟೆ.

ಕಲ್ಪನೆ ನನ್ನದಾದರೂ ಕಬ್ಬಿಣದ ಲೆಕ್ಕ ನನಗೆ ಬಾರದು. ಗಣಪತಿ ಮಂಟಪ ಹನ್ನೊಂದು ದಿನ ನಿಂತರೆ ಸಾಕು, ಜೋಕಾಲಿ ಜನರನ್ನು ಹೊತ್ತು ವರ್ಷಗಟ್ಟಲೆ ತೂಗಬೇಕು. ಹಾಗಾಗಿ ವಿನ್ಯಾಸದ ಕೆಲಸವನ್ನು ಪುಣೆಯ ಒಂದು ಕಚೇರಿಗೆ ಹೊರಗುತ್ತಿಗೆ ಕೊಟ್ಟೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ. ಕೊಟ್ಟ ಕೆಲಸವೂ ಹಾಗೇ ಎಂದು ಆ ಕಚೇರಿಯವರು ತಿಳಿದಿದ್ದರು. ನಮ್ಮ ಕಡೆ ಕೊಟ್ಟ ಹೆಣ್ಣನ್ನು ಪಂಚಮಿಗೆ ಕರೆಯಲು ಹೋಗುತ್ತೇವೆ ಎಂಬುದು ಅವರಿಗೆ ತಿಳಿಯದು.

ಅವರು ಕಳಿಸಿದ ಚಿತ್ರ ನೋಡಿದರೆ, ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು. ಬಾಗಿಲಿಗೆ ರಾಜಸ್ಥಾನದ ಕೋಟೆ, ಒಳಗೆ ಬಾಯಿ ತೆರೆದ ಡೈನೋಸಾರು, ನಡುವೆ ಆ ಬೆಂಚಿನ ಹೆಂಗಸು. ಕೋಟೆಯನ್ನೂ ಡೈನೋಸಾರನ್ನೂ ಒಂದೇ ಫೋನಿನಲ್ಲಿ ಓಡಿಸಿದೆ. ಬೆಂಚು ಮಾತ್ರ ಕದಲಲಿಲ್ಲ. ಕಚೇರಿಯ ಮುಖ್ಯಸ್ಥರು ವೀಡಿಯೋ ಕರೆಯಲ್ಲಿ ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ತಿಳಿಸಿ ಹೇಳಿದರು. ಸೀರೆ ಉಟ್ಟ ದೊಡ್ಡವರು ನಿಂತು ತೂಗುವ ಜೋಕಾಲಿಯನ್ನು ತಾವು ಯಾವ ಪಾರ್ಕಿನಲ್ಲೂ ನೋಡಿಲ್ಲ, ಇದು ರೂಢಿಯಲ್ಲಿಲ್ಲ ಎಂದರು. ಎಲ್ಲೂ ಇಲ್ಲವೆಂದೇ ನಾವು ಕಟ್ಟಬೇಕು ಎಂದು ನಾನೂ ಮರಾಠಿಯಲ್ಲೇ ಹೇಳಿದೆ, ಅಷ್ಟು ಮರ್ಯಾದೆಯಿಂದಲ್ಲ.

ಮರುದಿನ ಸಾಹುಕಾರರು ನನ್ನ ಕೋಣೆಗೇ ಬಂದರು.

“ಬಾಯಾರ, ಸೀರಿ ಉಟ್ಟ ಹೆಣ್ಮಕ್ಕಳು ಬಿದ್ರ ನಾಳೆ ಯಾರಿಗೆ ಉತ್ತರಾ ಕೊಡೂದ್ರಿ? ಆ ಬೆಂಚ ಇರ್ಲಿ ಬಿಡ್ರಿ. ನೆಳ್ಳಾಗ ಆರಾಮ ಕುಂದರ್ತಾರ.”

“ಬೀಳದಂಗ ಕಟ್ಟೂದು ಪುಣೆಯವರ ಕೆಲಸ್ರಿ ಸಾವಕಾರ್ರ. ಹೆಣ್ಮಕ್ಕಳ್ನ ಕುಂದ್ರಸೂದು ಯಾರ ಕೆಲಸಾನೂ ಅಲ್ಲ.”

“ಹಟಾ ಮಾಡಬ್ಯಾಡ್ರಿ.”

“ಹಟಾನ ಅನ್ಕೋರಿ. ಜೋಕಾಲಿ ತಗದ್ರ ನಾನೂ ಹೋಗ್ತೇನಿ. ಪಂಚಮಿ ಅನ್ನೂ ಹೆಸರೂ ಹಚ್ಚಬ್ಯಾಡ್ರಿ ಪಾರ್ಕಿಗೆ.”

ಅವರು ಕಾರಿನ ಕೀಲಿ ಕೈಗೆತ್ತಿಕೊಂಡರು. “ಶ್ರಾವಣ ಮುಗಿಯೂ ತನಾ ನೋಡೂಣು. ಅಷ್ಟರಾಗ ಪುಣೆಯವರು ಗಟ್ಟಿ ಕಟ್ತೇವಿ ಅಂತ ಬರದು ಕೊಟ್ರ ಜೋಕಾಲಿ. ಇಲ್ಲಾಂದ್ರ ಬೆಂಚ,” ಎಂದು ಎದ್ದರು. ನನ್ನ ತಲೆ ಮೊಸರುಗಡಿಗೆಯಾಯಿತು. ಇಷ್ಟು ವರ್ಷ ಮಂದಿಯ ಹಬ್ಬಗಳಿಗೆ ಮಂಟಪ ಕಟ್ಟಿದ್ದೆ, ನನ್ನದೆಂದು ನಿಲ್ಲುವ ಒಂದು ವಸ್ತುವೂ ಊರಲ್ಲಿ ಇರಲಿಲ್ಲ. ಇದೊಂದು ಇರಲಿ ಎಂಬ ಆಸೆ ನನಗಿತ್ತು.

ಪುಣೆಗೆ ಮತ್ತೆ ಚಿತ್ರ ಕಳಿಸಲಿಲ್ಲ, ಹಬ್ಬದ ಕರೆ ಕಳಿಸಿದೆ. ಪಂಚಮಿಗೆ ನಮ್ಮ ತವರಿಗೆ ಬನ್ನಿ, ಉಂಡೆ ತಿನ್ನಿ, ಆಮೇಲೆ ಬೇಡವೆನ್ನಿ ಎಂದೆ. ಮುಖ್ಯಸ್ಥರು ಬರಲಿಲ್ಲ. ಅವರ ಕಚೇರಿಯ ಒಬ್ಬ ಎಂಜಿನಿಯರ್ ಹುಡುಗಿ ಬಂದಳು. ಜೀನ್ಸು, ಬೆನ್ನಿಗೆ ಚೀಲ, ಅಳತೆಯ ಟೇಪು. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅವಳ ಕೈಗೆ ಮೊದಲು ಅಳ್ಳಿಟ್ಟು ಕೊಟ್ಟಳು. ತಿಂದು ಮುಗಿಸುವವರೆಗೆ ಮರದ ಹತ್ತಿರ ಬಿಡಲಿಲ್ಲ.

ನಾನೂ ವೈನಿಯೂ ಹಲಗೆ ಏರಿ ಎದುರುಬದುರು ನಿಂತೆವು. ಒಬ್ಬರು ಮೊಣಕಾಲು ಮಡಚಿ ಒತ್ತಿದರೆ ಇನ್ನೊಬ್ಬರು ಮೇಲೆ ಹೋಗುವುದು, ಅವರು ಒತ್ತಿದರೆ ನಾವು. ಹುಡುಗಿ ನಮ್ಮನ್ನು ನೋಡಲೇ ಇಲ್ಲ, ಕತ್ತೆತ್ತಿ ಟೊಂಗೆಯನ್ನೇ ನೋಡುತ್ತಿದ್ದಳು. ನನಗೆ ಸಿಟ್ಟು ಬಂತು. ಇಳಿದು ಕೇಳಿದರೆ, ಟೊಂಗೆ ಪ್ರತಿ ಜೀಕಿಗೂ ಸ್ವಲ್ಪ ಬಾಗಿ ಏಳುತ್ತದೆ ಎಂದಳು. ಕಬ್ಬಿಣ ಹಾಗೆ ಬಾಗದು, ಮೇಲಿನ ಜಗ್ಗು ನೇರ ಭುಜಕ್ಕೆ ಬೀಳುತ್ತದೆ, ಹಾಗಾಗಿ ಹಗ್ಗ ತೂಗುಹಾಕುವ ಕಡೆ ಬಾಗುವಂಥದ್ದು ಏನಾದರೂ ಕೊಡಬೇಕು ಎಂದಳು. ಚಿಕ್ಕಂದಿನಿಂದ ಆ ಟೊಂಗೆಗೆ ಜೋತುಬಿದ್ದವಳು ನಾನು, ನನಗೆ ಅದು ಹೊಳೆದಿರಲಿಲ್ಲ. ಸಿಟ್ಟು ಇಳಿಯಿತು.

ಆಮೇಲೆ ಟೇಪನ್ನು ವೈನಿಯ ಕೈಗಿಟ್ಟು, “ಕಾಕೂ, ನಾನೂ ಏರಲೇ?” ಎಂದು ಮರಾಠಿಯಲ್ಲಿ ಕೇಳಿದಳು. ಮೊದಲ ಜೀಕಿಗೆ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಇಳಿಸುವುದೇ ಕಷ್ಟವಾಯಿತು.

ಆ ಸಂಜೆ ಪಡಸಾಲೆಯಲ್ಲಿ ಕೂತು ನಾನೂ ಆ ಹುಡುಗಿಯೂ ಜಗಳಾಡಿದೆವು, ಒಳ್ಳೆಯ ಜಗಳ. ಅವಳಿಗೆ ಸರಪಳಿ ಬೇಕು. ಸರಪಳಿಗೆ ಜಡೆ ಸಿಕ್ಕುತ್ತದೆ, ಸೆರಗು ಸಿಕ್ಕುತ್ತದೆ, ಹಗ್ಗವೇ ಆಗಬೇಕು ಎಂದೆ ನಾನು. ಒಳಗೆ ಉಕ್ಕಿನ ತಂತಿ ಇರುವ ಹಗ್ಗಕ್ಕೆ ಇಬ್ಬರೂ ಒಪ್ಪಿದೆವು. ಎತ್ತರಕ್ಕೆ ಒಂದು ಮಿತಿ ಇರಲಿ ಎಂದಳು, ಒಪ್ಪಿದೆ. ಕೆಳಗೆ ದಪ್ಪ ಮರಳು, ಸುತ್ತ ಯಾರೂ ನುಸುಳದಂತೆ ಬೇಲಿ, ಅದೂ ಒಪ್ಪಿದೆ. ಕೂತೇ ತೂಗಬೇಕು ಎಂದಾಗ ಮಾತ್ರ ಒಪ್ಪಲಿಲ್ಲ. ಅವಳೂ ಒತ್ತಾಯ ಮಾಡಲಿಲ್ಲ. ಕೆಲಸ ಕೊಡುವುದು ಬೇರೆ, ಕೈಬಿಡುವುದು ಬೇರೆ. ಲೆಕ್ಕ ಅವರದು, ಲೆಕ್ಕ ಯಾತಕ್ಕೆ ಎಂಬುದು ನನ್ನದು. ಕೆಲವು ದಿನಗಳ ನಂತರ, ಗಟ್ಟಿ ಕಟ್ಟಬಹುದೆಂಬ ಬರಹ ಮುಖ್ಯಸ್ಥರ ಸಹಿಯೊಂದಿಗೆ ಬಂತು. ಸಾಹುಕಾರರು ಎರಡು ಸಲ ಓದಿ, “ಗೆದ್ರಿ ಬಿಡ್ರಿ,” ಎಂದರು.

ಗೆದ್ದಿರಲಿಲ್ಲ. ಪಾರ್ಕು ತೆರೆಯುವ ದಿನ ಬೀಡಿ, ಪಾರಿಶ್ವಾಡದ ಕಡೆಯಿಂದ ಹೆಂಗಸರು ಬಹಳ ಬಂದರು. ಜೋಕಾಲಿಯ ಸುತ್ತ ನಿಂತರು, ಹಗ್ಗ ಮುಟ್ಟಿ ನೋಡಿದರು, ಒಬ್ಬರನ್ನೊಬ್ಬರು ಮುಂದೆ ನೂಕಿದರು. ಏರಲಿಲ್ಲ. ಬೇಲಿಯಾಚೆ ಗಂಡಸರು ಮೊಬೈಲು ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಯಾರೂ ಏರದಿದ್ದರೆ ನಾಳೆಯೇ ಇಲ್ಲಿ ಬೆಂಚು ಬರುತ್ತದೆ, ಅದನ್ನು ತರುವವರಿಗೆ ನಾನೇ ಪುರಾವೆ ಒದಗಿಸಿದಂತೆ.

ಆಗ ಸಾಹುಕಾರರ ಅಕ್ಕ ಕಾರಿನಿಂದ ಇಳಿದು ಬಂದರು. ಅರವತ್ತು ದಾಟಿದವರು, ಇಳಕಲ್ ಸೀರೆ. ಗುಂಪು ತಾನಾಗಿ ದಾರಿ ಬಿಟ್ಟಿತು.

“ಗಟ್ಟಿ ಐತೇನ್ರಿ?” ಎಂದು ನನ್ನನ್ನು ಕೇಳಿದರು.

“ಐತ್ರಿ.”

“ಬರ್ರಿ ಹಂಗಾರ, ಎದುರಿಗೆ ನಿಂದರ್ರಿ.”

ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಹಿಡಿದು ಏರಿದರು. ಮೊಬೈಲುಗಳು ಎದ್ದವು. ಅವರು ಆ ಕಡೆ ಒಮ್ಮೆ ನೋಡಿ, “ತಕ್ಕೋರಿ, ಚೆಂದಾಗಿ ತಕ್ಕೋರಿ,” ಎಂದರು. ಕೆಲವರು ಕೈ ಇಳಿಸಿದರು. ಒಂದೆರಡು ಜೀಕಿಗೆ ಅವರಿಗೆ ಹಿಡಿತ ಬಂತು. ನಾನು ಒತ್ತಿದೆ, ಅವರು ಒತ್ತಿದರು. ಕೆಳಗಿನ ಹೆಂಗಸರು ಸರತಿಗೆ ನಿಲ್ಲುತ್ತಿರುವುದು ಮೇಲಿಂದ ಕಂಡಿತು.

ಅಷ್ಟರಲ್ಲಿ ಸಾಹುಕಾರರು ಬೇಲಿಯವರೆಗೆ ಓಡಿಬಂದರು. “ಅಕ್ಕಾ, ಸಾಹೇಬ್ರು ಬಂದಾರ, ಮಂದಿ ಕಾಯಾಕತ್ತಾರ. ಇಳಿ ಜಲ್ದಿ, ರಿಬ್ಬನ್ ಕತ್ತರಸೂದೈತಿ.”

ಅಕ್ಕ ತಮ್ಮನ ಕಡೆ ನೋಡಲೂ ಇಲ್ಲ.

“ಅವರನ್ನ ಕುಂದ್ರಸು ತಮ್ಮಾ. ನಾ ಇನ್ನೂ ಮ್ಯಾಲ ಹೋಗಿಲ್ಲ,” ಎಂದು ಮೊಣಕಾಲು ಮಡಚಿದರು.