ನೋಡದೆ ಬರೆದ ಮುಲಾಮು

ಕಾರು ಕಲಿಸುವ ಅವನನ್ನು ಬಡಾವಣೆಯವರೆಲ್ಲ ಬ್ರೇಕ್ ಮಾಮ ಎನ್ನುತ್ತಿದ್ದರು. ಇಡೀ ದಿನ ಪಕ್ಕದ ಸೀಟಿನಲ್ಲಿ ಕೂತು "ಬ್ರೇಕು, ಬ್ರೇಕು" ಎನ್ನುವುದೇ ಅವನ ಕಸುಬು. ಗೋಡೆಗೆ ಗುದ್ದಿದವರಿಗೂ "ಇರಲಿ ಬಿಡಿ, ಗೋಡೆಗೇನೂ ಆಗಿಲ್ಲ" ಎನ್ನುವಷ್ಟು ತಾಳ್ಮೆ. ಅವನಿಗೆ ಎಚ್‌ಐವಿ ಇರುವುದು ಮನೆಯಲ್ಲಿ ಅಕ್ಕನೊಬ್ಬಳಿಗೇ ಗೊತ್ತು. ಜೊತೆಗೆ ಬಾಳಿದ ಗೆಳೆಯ ತೀರಿಕೊಂಡ ವರ್ಷ ಅದು ತಿಳಿದದ್ದು. ಅಂದಿನಿಂದ ಮಾತ್ರೆ ತಪ್ಪಿಸಿದವನಲ್ಲ, ವೈರಸ್ಸು ತೆಪ್ಪಗಿತ್ತು.

ಹೀಗಿರುವಾಗ ಮಲದ ಜೊತೆ ರಕ್ತ ಕಾಣಿಸಿತು. ಸೀಟಿನಲ್ಲಿ ಕೂತರೆ ಮುಳ್ಳಿನ ಮೇಲೆ ಕೂತಂತೆ. ದೊಡ್ಡಾಸ್ಪತ್ರೆಯ ಸರ್ಜನ್ ಅವನ ಚೀಟಿಯಲ್ಲಿ ಎಚ್‌ಐವಿ ಎಂದು ಓದಿದವರೇ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡರು.

"ಮೂಲವ್ಯಾಧಿ. ಮುಲಾಮು ಹಚ್ಕೊ."

"ಸಾರ್, ಒಂದ್ಸಲ ನೋಡ್ತೀರಾ?"

"ನೋಡೋಕೇನಿದೆ ಅಲ್ಲಿ? ನಿಮ್ಮಂಥವರಿಗೆ ಇದೆಲ್ಲ ಇದ್ದದ್ದೇ."

ಆ ಮಾತನ್ನು ಅವನು ಬಿಸಿ ತುತ್ತಿನಂತೆ ನುಂಗಿಕೊಂಡ. ಮತ್ತೆ ಹೋದ, ಮತ್ತೆ ಮುಲಾಮು. ವರ್ಷ ಕಳೆಯಿತು. ಪರೀಕ್ಷಿಸಲೆಂದು ಆ ಸರ್ಜನ್ ಒಂದು ದಿನವೂ ಕೈಗವಸು ತೊಡಲಿಲ್ಲ.

ಒಗೆಯುವ ಬಟ್ಟೆಯಲ್ಲಿ ಕಲೆ ಕಂಡ ಅಕ್ಕ ಅವನನ್ನು ಅಡ್ಡಹಾಕಿದಳು. "ಇದೇನೋ ಇದು?"

"ಮೂಲವ್ಯಾಧಿ ಅಂತೆ."

"ಅಂತೆ? ಅವರು ನೋಡಿದ್ರಾ?"

"ಇಲ್ಲ."

"ನೋಡ್ದೇ ಹೇಳೋಕೆ ಅವರೇನು ಭವಿಷ್ಯ ಹೇಳೋರಾ?" ಎಂದವಳೇ ಚಪ್ಪಲಿ ಮೆಟ್ಟಿ ಅವನನ್ನು ಹೊರಡಿಸಿದಳು.

ಎಚ್‌ಐವಿ ಮಾತ್ರೆ ಕೊಡುವ ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಮರುಮಾತಿಲ್ಲದೆ ಪರದೆ ಎಳೆದು, ಭೂತಗನ್ನಡಿ ಹಿಡಿದು ಪರೀಕ್ಷಿಸಿದರು. ಗುದದ್ವಾರದ ಒಳಗಿಂದ ಚಿಟಿಕೆಯಷ್ಟು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದಾಗ ಅಕ್ಕ ತಮ್ಮ ಇಬ್ಬರನ್ನೂ ಎದುರು ಕೂರಿಸಿಕೊಂಡರು.

"ಇದು ಕ್ಯಾನ್ಸರ್ ಅಲ್ಲ. ಆದ್ರೆ ಅದರ ಹಿಂದಿನ ಹಂತ. ಬೇರೊಂದು ವೈರಸ್‌ನಿಂದ ಬರುತ್ತೆ, ಎಚ್‌ಐವಿ ಇರೋ ಗಂಡಸರಲ್ಲಿ ಜಾಸ್ತಿ. ಕೆಲವು ತಾವಾಗೇ ಕರಗ್ತವೆ, ಕೆಲವು ಹಾಗೇ ಇರ್ತವೆ, ಕೆಲವು ಕ್ಯಾನ್ಸರ್ ಆಗ್ತವೆ. ಯಾವುದು ಏನಾಗುತ್ತೆ ಅಂತ ಮೇಲೆ ನೋಡಿದ್ರೆ ಗೊತ್ತಾಗಲ್ಲ. ಜೀವಕೋಶದ ಒಳಗಿನ ಜೀನ್‌ಗಳು ಎಷ್ಟು ಬದಲಾಗಿವೆ ನೋಡಿದ್ರೆ ಸುಳಿವು ಸಿಗಬಹುದು ಅಂತ ನಾವೊಂದು ಅಧ್ಯಯನ ಮಾಡ್ತಿದೀವಿ. ನಿಮ್ಮಿಂದ ತೆಗೆದ ಚೂರನ್ನೂ ಅದಕ್ಕೆ ಸೇರಿಸ್ಕೊಳ್ಳಲಾ?"

ಗೋಡೆ ಗುದ್ದಿದವರನ್ನೂ ಗದರದ ಮನುಷ್ಯ ಧಿಗ್ಗನೆ ಎದ್ದ. "ನೀವು ಡಾಕ್ಟರುಗಳು ಒಂದು ವರ್ಷ ಕಣ್ಣೆತ್ತಿ ನೋಡೋಕೂ ಅಸಹ್ಯ ಪಟ್ರಿ! ಈಗ ನಿಮಗೆ ಬೇಕಾದಾಗ ನನ್ನ ಮಾಂಸ ಆಗುತ್ತಾ?"

ಡಾಕ್ಟರಮ್ಮ ಮಾತು ತಿರುಚಲಿಲ್ಲ. "ನಿಮ್ಮ ಸಿಟ್ಟು ನ್ಯಾಯವಾಗಿದೆ. ಕೊಡದಿದ್ರೂ ಚಿಕಿತ್ಸೆ ಆಗೇ ಆಗುತ್ತೆ."

ಅವನು ಮೆಲ್ಲಗೆ ಕೂತ. "ತಗೊಳ್ಳಿ. ನನ್ನ ಹಿಂದೆ ಬರೋರಿಗಾದ್ರೂ ಬೇಗ ಗೊತ್ತಾಗ್ಲಿ."

ಆ ಭಾಗವನ್ನು ಸುಟ್ಟು ತೆಗೆದರು. ಕೆಲ ತಿಂಗಳಲ್ಲಿ ಜೀನ್‌ಗಳ ವರದಿಯೂ ಬಂತು: ಕ್ಯಾನ್ಸರ್ ಗಡ್ಡೆಗಳಲ್ಲಿ ಕಾಣುವ ಬದಲಾವಣೆಗಳಲ್ಲಿ ಕೆಲವು ಅವನ ಮಾಂಸದಲ್ಲಿ ಆಗಲೇ ಇದ್ದವು.

"ಇನ್ನೊಂದು ವರ್ಷ ಮುಲಾಮು ಹಚ್ಕೊಂಡು ಕೂತಿದ್ರೆ?" ಎಂದು ಕೇಳಿದ.

"ಖಂಡಿತ ಕ್ಯಾನ್ಸರ್ ಆಗ್ತಿತ್ತು ಅಂತ ಹೇಳೋಕಾಗಲ್ಲ. ಆದ್ರೆ ನೀವು ನನ್ನ ತಮ್ಮ ಆಗಿದ್ರೆ ಕಾಯೋಕೆ ಬಿಡ್ತಿರಲಿಲ್ಲ."

ಅಲ್ಲಿಂದ ದೊಡ್ಡಾಸ್ಪತ್ರೆಯ ಕಚೇರಿಗೆ ಹೋಗಿ, ಆಮೇಲೆ ಸರ್ಜನ್ ಕೋಣೆಗೆ ನಡೆದ, ಹಿಂದೆ ಅಕ್ಕ. ಬಾಗಿಲ ತುಂಬ ರೋಗಿಗಳು. "ಸಾರ್, ನೀವು ಮೂಲವ್ಯಾಧಿ ಅಂದಿದ್ದು ಕ್ಯಾನ್ಸರಿನ ಹೊಸ್ತಿಲಲ್ಲಿತ್ತು," ಎಂದ ಎಲ್ಲರಿಗೂ ಕೇಳುವಂತೆ.

"ಮೆತ್ತಗೆ ಮಾತಾಡಯ್ಯ. ಜನ ಇದಾರೆ. ಮರ್ಯಾದೆ ನಿಂದೇ ಹೋಗೋದು."

"ನಂಗೆ ಕಾಯಿಲೆ ಬಂತು ಸಾರ್, ಮರ್ಯಾದೆ ಎಲ್ಲಿ ಹೋಯ್ತು? ನೋಡೋಕೆ ಹೇಸಿಗೆ ಅಂದ್ರೆ ಬೇರೆಯವರ ಹತ್ರ ಕಳಿಸಬೇಕಿತ್ತು."

"ದೂರು ಕೊಡ್ತೀಯೇನು?"

"ಕೊಟ್ಟೇ ಬಂದ್ವಿ," ಎಂದಳು ಅಕ್ಕ.

ದೂರಿನಿಂದ ಬೆಟ್ಟವೇನೂ ಅಲುಗಲಿಲ್ಲ. "ಸರ್ಜನ್‌ಗೆ ತಿಳಿಹೇಳಲಾಗಿದೆ" ಎಂಬ ಒಂದು ಸಾಲಿನ ಉತ್ತರ ಬಂತು; ಅವರು ಅದೇ ಕುರ್ಚಿಯಲ್ಲಿ ಮುಂದುವರಿದರು. ಆದರೆ ಮಾತ್ರೆಗೆ ಬರುವ ಗಂಡಸರು ಬಯಸಿದರೆ ಡಾಕ್ಟರಮ್ಮ ವಾರಕ್ಕೊಂದು ದಿನ ಪರೀಕ್ಷೆ ಮಾಡತೊಡಗಿದರು. ಆ ದಿನ ಬ್ರೇಕ್ ಮಾಮ ಪಾಠಕ್ಕೆ ರಜೆ ಹಾಕಿ ಅಲ್ಲಿನ ಬೆಂಚಿನ ಮೇಲಿರುತ್ತಾನೆ. ನಾಚಿ ತಲೆ ತಗ್ಗಿಸಿದವರ ಪಕ್ಕ ಸರಿದು ಹೇಳುತ್ತಾನೆ: "ರಕ್ತ ಬಂದ್ರೆ ಮುಚ್ಚಿಡ್ಬೇಡಿ. ನೋಡಿ ಅಂತ ಕೇಳಿ. ನೋಡಲ್ಲ ಅಂದ್ರೆ ಜಗಳ ಆಡಿ."

ಅವನಿಗೆ ಮತ್ತೆ ಏನೂ ಕಾಣಿಸಿಲ್ಲ; ತಪಾಸಣೆ ನಡೆದೇ ಇದೆ. "ವಾಸಿಯಾಯ್ತಲ್ಲ, ಇನ್ನಾದ್ರೂ ಸಿಟ್ಟು ಬಿಡೋ," ಎಂದಳು ಅಕ್ಕ ಮೊನ್ನೆ.

"ಗಾಯ ವಾಸಿಯಾಯ್ತು ಅಕ್ಕ," ಎಂದ ಅವನು. "ಸಿಟ್ಟು ಕಾಯಿಲೆ ಅಲ್ವಲ್ಲ."