ಚಾಸಿ ನಂಬರಿನ ಕೊನೆಯ ಅಂಕಿ

ಬೈಂದೂರಿನ ಪೆಟ್ರೋಲ್ ಪಂಪಿನ ಪಕ್ಕದಲ್ಲಿ ಹೊಗೆ ತಪಾಸಣೆ ಮಾಡುವ ಒಂದು ಸಣ್ಣ ಗೂಡಂಗಡಿ ಇದೆ. ಅಲ್ಲಿಯ ಹೆಂಗಸು ನಮ್ಮ ಕಾರಿನ ಸೈಲೆನ್ಸರಿನೊಳಗೆ ಕೊಳವೆ ತೂರಿಸಿ, ಕಂಪ್ಯೂಟರಿನ ಮುಂದೆ ಕೂತು, ತುಸು ಹೊತ್ತಿನ ಮೇಲೆ ತಲೆಯಲ್ಲಾಡಿಸಿದಳು. ಕಾರ್ಬನ್ ಮೊನಾಕ್ಸೈಡ್ ಮಿತಿಗಿಂತ ತುಂಬ ಮೇಲಿದೆ, ಸರ್ಟಿಫಿಕೇಟ್ ಬರುವುದಿಲ್ಲ ಅಂದಳು. ಇನ್ನೊಮ್ಮೆ ನೋಡು ಎಂದೆ. ಇನ್ನೊಮ್ಮೆ ನೋಡಿದಳು. ಅಂಕಿ ಇನ್ನಷ್ಟು ಏರಿತ್ತು.

ಕುಂದಾಪುರದಲ್ಲಿ ತಿಂಗಳಿಗೊಮ್ಮೆ ನಡೆಯುವ ಸಾರಿಗೆ ಇಲಾಖೆಯ ಕ್ಯಾಂಪಿಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಆ ತಿಂಗಳ ಕೊನೆಗೆ ಕಾರಿನ ಆರ್.ಸಿ. ಅವಧಿ ಮುಗಿಯುತ್ತಿತ್ತು, ಹೊಗೆಯ ಸರ್ಟಿಫಿಕೇಟ್ ಇಲ್ಲದೆ ಕ್ಯಾಂಪಿನಲ್ಲಿ ಅದರ ನವೀಕರಣ ಆಗುತ್ತಿರಲಿಲ್ಲ. ಮರುದಿನ, ಅಂದರೆ ಒಂದನೆಯ ತಾರೀಕಿಗೆ, ನಾನು ಹೊಸ ಕೆಲಸಕ್ಕೆ ಸೇರಬೇಕಿತ್ತು. ಕುಂದಾಪುರದ ರಕ್ತಪರೀಕ್ಷೆಯ ಲ್ಯಾಬೊಂದು ಮನೆಮನೆಗೆ ಹೋಗಿ ವಯಸ್ಸಾದವರ ರಕ್ತ ತೆಗೆದು ತರುವವರನ್ನು ಹುಡುಕುತ್ತಿತ್ತು. ತಲ್ಲೂರಿನಿಂದ ಬ್ರಹ್ಮಾವರದವರೆಗೆ, ಬೆಳಿಗ್ಗೆ ಆರರಿಂದ, ಜನ ಕಾಫಿ ಕುಡಿಯುವ ಮೊದಲು. ರಕ್ತ ತೆಗೆಯುವ ಕೆಲಸ ನನಗೆ ಬರುತ್ತಿತ್ತು, ಅದರ ಹೊರತು ಸ್ವಂತ ವಾಹನ ಬೇಕು ಎಂಬುದೊಂದೇ ಅವರ ಷರತ್ತು. ಹಿಂದೊಮ್ಮೆ ಮರವಂತೆಯ ಹತ್ತಿರ ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ ನಾನು ಎರಡು ಚಕ್ರದ ಮೇಲೆ ಕೂತಿರಲಿಲ್ಲ. ಉಳಿದದ್ದು ಅತ್ತೆಯ ಕಾರು.

ಅತ್ತೆ, ನನ್ನ ಗಂಡನ ತಾಯಿ, ಉಪ್ಪುಂದದಲ್ಲಿ ಮೂವತ್ತು ವರ್ಷ ಮೀನು ವ್ಯಾಪಾರ ಮಾಡಿದವರು. ಬೊಂಬಾಯಿಯಲ್ಲಿ ಹೋಟೆಲ್ ಇಟ್ಟಿದ್ದವರೊಬ್ಬರು ಊರಿಗೆ ಮರಳುವಾಗ ತಂದಿದ್ದ ಕಾರನ್ನು ಕೊಂಡು, ನಲವತ್ತೈದನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಹಿಂದಿನ ಸೀಟು ಕಿತ್ತು ಬುಟ್ಟಿ ಇಟ್ಟುಕೊಂಡು ಸಂತೆಗೆ ಹೋಗುತ್ತಿದ್ದರು. ಬೊಂಬಾಯಿಯ ಹಳೆಯ ಟ್ಯಾಕ್ಸಿಗಳ ಹಾಗೆ ಪೆಟ್ಟಿಗೆಯಂಥ ಕಾರು, ಗೇರು ಸ್ಟಿಯರಿಂಗಿನ ಬುಡದಲ್ಲಿ. ಕಣ್ಣಿಗೆ ಪೊರೆ ಬಂದ ಮೇಲೆ ಓಡಿಸುವುದು ಬಿಟ್ಟರು. ನಾಲ್ಕು ವರ್ಷ ಕಾರು ಟಾರ್ಪಾಲಿನಡಿ ನಿಂತಿತ್ತು. ಮೀನಿನ ಉಪ್ಪುನೀರು ಕುಡಿದ ತಳದ ತಗಡಿನಲ್ಲಿ ಅಲ್ಲಲ್ಲಿ ನೆಲ ಕಾಣುತ್ತಿತ್ತು.

ನನ್ನ ಗಂಡನಿಗೆ ಆ ಕಾರು ಗುಜರಿಗೆ ಹೋದರೆ ಸಾಕಾಗಿತ್ತು. ಅವರು ಗಂಗೊಳ್ಳಿಯ ಬೋಟಿನಲ್ಲಿ ದುಡಿಯುವವರು, ಹೆಚ್ಚು ಮಾತಾಡುವವರಲ್ಲ. ಈ ತುಕ್ಕಿನ ಡಬ್ಬದಲ್ಲಿ ನೀನು ಹೈವೇಯಲ್ಲಿ ಹೋಗುವುದು ಬೇಡ ಎಂದು ಎರಡು ಸಲ ಹೇಳಿದ್ದರು. ನಾನು ಕೇಳಲಿಲ್ಲ. ಒಂದು ದಿನ ಗುಜರಿಯವನೊಬ್ಬ ಅಂಗಳಕ್ಕೆ ಬಂದು ಟಾರ್ಪಾಲು ಎತ್ತಿ ನೋಡಿ ಹೋದ. ಕರೆದದ್ದು ತಾನೆಂದು ಯಾರೂ ಒಪ್ಪಲಿಲ್ಲ.

ಬೈಂದೂರಿನಿಂದ ನೇರ ತಲ್ಲೂರಿಗೆ ಹೋದೆ. ಅಲ್ಲೊಬ್ಬ ಮುದಿ ಮೆಕ್ಯಾನಿಕ್ ಇದ್ದಾರೆ, ಹರೆಯದಲ್ಲಿ ಬೊಂಬಾಯಿಯ ಟ್ಯಾಕ್ಸಿ ಗ್ಯಾರೇಜಿನಲ್ಲಿದ್ದವರು. ಪ್ಲಗ್ ಬಿಚ್ಚಿ ಕಪ್ಪಿಟ್ಟ ತುದಿಯನ್ನು ನನ್ನ ಮುಖದ ಹತ್ತಿರ ಹಿಡಿದರು.

"ಹೊಟ್ಟಿ ತುಂಬ ಪೆಟ್ರೋಲ್ ಕುಡೀತಿತ್ತ್. ಉಸ್ರಾಡುಕೆ ಗಾಳಿ ಇಲ್ಲ," ಎಂದರು.

ಎರಡು ದಿನ ಕಾರ್ಬುರೇಟರ್ ಬಿಚ್ಚಿ ತೊಳೆದರು, ಗಾಳಿಯ ಫಿಲ್ಟರ್ ಬದಲಾಯಿಸಿದರು, ತಳಕ್ಕೆ ತಗಡು ಬೆಸೆಯಿಸಿದರು. ಹೊರಡುವಾಗ ಬಾನೆಟ್ಟಿನ ಒಳಗಿನ ಗೋಡೆಯಂಥ ತಗಡಿನ ಮೇಲೆ ಕೊರೆದಿದ್ದ ಚಾಸಿ ನಂಬರನ್ನು ತೋರಿಸಿದರು. ತುಕ್ಕು ಹಿಡಿದು ಅರೆಬರೆ ಕಾಣುತ್ತಿತ್ತು. ಗಾಡಿ ತಪಾಸಣೆ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ್ ಇದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನಂಬರ್ ತೆಗೆಯುತ್ತಾರೆ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಅಷ್ಟೇ, ಬೇರೇನೂ ಮುಟ್ಟಿಸಬೇಡಿ ಎಂದರು.

ಮತ್ತೆ ಬೈಂದೂರಿಗೆ ಓಡಿದೆ. ಈ ಸಲ ಕೊಳವೆ ಒಳಗೆ ಹೋದಾಗ ನಾನು ಪರದೆ ನೋಡದೆ ರಸ್ತೆಯ ಕಡೆ ತಿರುಗಿ ನಿಂತೆ. ಅಂಕಿ ಮಿತಿಯೊಳಗೆ ಬಂತು. ಸರ್ಟಿಫಿಕೇಟಿನ ಕಾಗದ ಬಿಸಿಬಿಸಿಯಾಗಿ ಕೈಗೆ ಬಂದಾಗ ಮುಕ್ಕಾಲು ಕೆಲಸ ಮುಗಿಯಿತೆಂದುಕೊಂಡೆ.

ಕ್ಯಾಂಪಿನ ಹಿಂದಿನ ದಿನ ಸಂಜೆ ಇನ್ಶೂರೆನ್ಸಿನ ಕಾಗದ ಜೆರಾಕ್ಸ್ ಮಾಡಿಸಲು ಪೇಟೆಗೆ ಹೋಗಿದ್ದೆ. ತಿರುಗಿ ಬರುವಾಗ ಬಾನೆಟ್ ತೆರೆದಿತ್ತು. ಗಂಡ ಬಗ್ಗಿ, ಬೋಟಿಗೆ ಬಣ್ಣ ಬಳಿಯುವ ಮೊದಲು ಉಜ್ಜುವ ಒರಟು ಮರಳುಕಾಗದದಿಂದ ಆ ನಂಬರನ್ನೇ ಉಜ್ಜುತ್ತಿದ್ದರು. ತುಕ್ಕೆಲ್ಲ ಹೋಗಿ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ನಂಬರಿನ ಗೆರೆಗಳೂ ತೆಳ್ಳಗಾಗಿದ್ದವು.

"ಎಂತ ಮಾಡ್ತಿದ್ರಿ?" ಅಂದೆ.

"ನಂಬ್ರ ಕಾಂತಿರ್ಲಿಲ್ಲ. ಕಾಣ್ಲಿ ಅಂದ್ ತಿಕ್ದೆ."

ನಾನು ಬಾನೆಟ್ ಮುಚ್ಚಿದೆ.

ಕಾರು ಅತ್ತೆಯ ಹೆಸರಿನಲ್ಲಿದ್ದುದರಿಂದ ಮರುದಿನ ಅವರೂ ಜೊತೆಗೆ ಬಂದರು. ಮೈದಾನದಲ್ಲಿ ಆಟೋಗಳು, ಹೊಳೆಯುವ ಹೊಸ ಸ್ಕೂಟರುಗಳು, ಎರಡು ಟೆಂಪೋ. ಬ್ರೇಕ್ ಇನ್‌ಸ್ಪೆಕ್ಟರ್ ಎಳೆಯ ವಯಸ್ಸಿನವರು, ಘಟ್ಟದ ಮೇಲಿನ ಕಡೆಯವರಿರಬೇಕು, ಮಾತು ಹಾಗಿತ್ತು. ಲೈಟು, ಹಾರ್ನು, ಬ್ರೇಕು ನೋಡಿದರು. ಬ್ರೇಕ್ ಹಾಕಿಸಿ ನಾಲ್ಕು ಚಕ್ರದ ಗುರುತನ್ನೂ ಬಗ್ಗಿ ನೋಡಿದರು. ಎಲ್ಲ ಸರಿಯಿತ್ತು. ಆಮೇಲೆ ಬಾನೆಟ್ ತೆಗೆಯಿರಿ ಎಂದರು.

ಕಾಗದ ಒತ್ತಿ ಹಿಡಿದು ಪೆನ್ಸಿಲನ್ನು ಅಡ್ಡಲಾಗಿ ಎಳೆಯುತ್ತ ಹೋದರು. ಒಂದೊಂದೇ ಅಂಕಿ ಮೂಡುತ್ತಿತ್ತು. ಕೊನೆಯದರ ಹತ್ತಿರ ಕೈ ನಿಂತಿತು. ಕಾಗದವನ್ನು ಬೆಳಕಿಗೆ ಹಿಡಿದು, ಆರ್.ಸಿ. ನೋಡಿ, ಮತ್ತೆ ತಗಡಿನ ಕಡೆ ಬಗ್ಗಿದರು.

"ಇದನ್ನ ಯಾರು ಉಜ್ಜಿದ್ದು?"

"ನಾನೇ ಸರ್. ತುಕ್ಕಿತ್ತು," ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ.

"ಆರ್.ಸಿ.ಯಲ್ಲಿ ಕೊನೆಗೆ ಮೂರು ಇದೆ. ಇಲ್ಲಿ ಎಂಟು ಕಾಣ್ತಿದೆ. ಮೇಲೆ ಹೊಸದಾಗಿ ಉಜ್ಜಿದ ಗುರುತು ಬೇರೆ. ನಂಬರ್ ತಿದ್ದಿದ ಗಾಡಿಗೆ ನಾನು ಸಹಿ ಹಾಕಿದರೆ ನನ್ನ ಕೆಲಸ ಉಳಿಯಲ್ಲ."

ಅವರು ಸಿಟ್ಟು ಮಾಡಲಿಲ್ಲ, ಮತ್ತೇನನ್ನೂ ಕೇಳಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಅರ್ಜಿಯ ಮೇಲೆ ಏನೋ ಬರೆದು ಪಕ್ಕಕ್ಕಿಟ್ಟರು. ನಂಬರು ಕಾರಿನದೇ ಎಂಬುದಕ್ಕೆ ದಾಖಲೆ ತರಬೇಕು, ಇಲ್ಲದಿದ್ದರೆ ಪೊಲೀಸರಿಗೆ ಬರೆಯಬೇಕಾಗುತ್ತದೆ, ಅಲ್ಲಿವರೆಗೆ ಕಾರನ್ನು ನೇರ ಮನೆಗೆ ಒಯ್ದು ನಿಲ್ಲಿಸಿ ಎಂದರು. ಮನೆಗೆ ಮರಳುವಾಗ ಹೆಮ್ಮಾಡಿಯಲ್ಲಿ ಪೊಲೀಸರು ಗಾಡಿಗಳನ್ನು ತಡೆದು ಕಾಗದ ನೋಡುತ್ತಿದ್ದರು. ದೂರದಿಂದಲೇ ಗೇರು ಇಳಿಸಿ ಕಾರನ್ನು ಮೆಲ್ಲಗೆ ಬಿಟ್ಟೆ. ಕದ್ದ ಕಾರು ಓಡಿಸುವವರೂ ಹೀಗೇ ಹೋಗುತ್ತಾರೇನೋ ಅಂದುಕೊಂಡೆ. ಹಳೆಯ ಕಾರು, ಪಕ್ಕದಲ್ಲಿ ಮುದುಕಿ, ಅವರು ಮುಂದೆ ಹೋಗಿ ಎಂದು ಕೈ ಮಾಡಿದರು.

ಮನೆಯಲ್ಲಿ ಗಂಡ ಬಲೆಯ ಹಗ್ಗ ಹೊಸೆಯುತ್ತ ಕೂತಿದ್ದರು. ಏನಾಯಿತೆಂದು ಕೇಳಿದರು. ಆಗ ನನ್ನ ಬಾಯಿಂದ ಬಂದ ಮಾತು ನಾನು ಯೋಚಿಸಿ ಆಡಿದ್ದಲ್ಲ, ಆದರೆ ಹಿಂದಿನ ಸಂಜೆಯಿಂದ ಒಳಗೆ ಕೂತದ್ದೇ.

"ನಿಮ್ಗೆ ಬೇಕಾದ್ದ್ ಆಯ್ತಲೆ. ಇನ್ನ್ ಗುಜ್ರಿಯವ್ನಿಗೆ ಫೋನ್ ಮಾಡಿ."

ಅವರು ಹಗ್ಗ ಕೆಳಗಿಟ್ಟರು. ನನ್ನ ಮುಖವನ್ನೇ ನೋಡಿದರು. "ನಾನ್ ಬೇಕಂದ್ ಮಾಡಿದ್ದ್ ಅಂದ್ ಎಣ್ಸಿದ್ಯಾ?" ಎಂದು ಕೇಳಿದರು. ನಾನು ಕಾಗದದ ಚೀಲ ಹಿಡಿದು ಒಳಗೆ ಹೋದೆ. ಅವರು ಅಂಗಿ ಹಾಕಿಕೊಂಡು ಗಂಗೊಳ್ಳಿಗೆ ಹೊರಟುಹೋದರು. ಮೆಕ್ಯಾನಿಕ್ಕಿನ ಎಚ್ಚರಿಕೆಯನ್ನು ನಾನು ಅತ್ತೆಗೆ ಹೇಳಿದ್ದೆ, ಗಂಡನಿಗೆ ಹೇಳಿಯೇ ಇರಲಿಲ್ಲ ಎಂಬುದು ಆಮೇಲೆ, ಬಚ್ಚಲಲ್ಲಿ ಮುಖ ತೊಳೆಯುವಾಗ ಹೊಳೆಯಿತು.

ಮಾರನೆಯ ಬೆಳಿಗ್ಗೆ ಅತ್ತೆ ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡರು.

"ಹೆಣ್ಣೇ, ಬೊಂಬಾಯಿ ನಂಬ್ರ ತೆಗ್ದ್ ಇಲ್ಲಿ ನಂಬ್ರ ಮಾಡ್ಸುವಾಗ್ಳೂ ಹೀಂಗೆ ಪೆನ್ಸಿಲ್ ತಿಕ್ಕಿದ್ರ್. ನಾ ಹತ್ರವೇ ನಿಂತಿದ್ದೆ. ಆ ಕಾಗ್ದ ಅವ್ರ ಆಫೀಸಗೇ ಇರ್ಕಲೆ."

ಆ ಹಳೆಯ ಕಾಗದ ಹುಡುಕಿ ಸಾರಿಗೆ ಇಲಾಖೆಯ ಜಿಲ್ಲಾ ಕಚೇರಿಗೆ ಬಸ್ಸಿನಲ್ಲಿ ಹೋದೆವು. ಗುಮಾಸ್ತರು ನಂಬರ್ ಬರೆದುಕೊಂಡು, ಅಷ್ಟು ಹಳೆಯ ಫೈಲು ಹಿಂದಿನ ಕೋಣೆಯಲ್ಲಿ ಕಟ್ಟು ಕಟ್ಟಿ ಇಟ್ಟಿದೆ, ಕೆಲವಕ್ಕೆ ಗೆದ್ದಲು ಹಿಡಿದಿದೆ, ಹುಡುಕಲು ಸಮಯ ಬೇಕು ಎಂದರು. ನಾಳೆ ಬರುತ್ತೇವೆ ಎಂದು ನಾನು ಎದ್ದೆ. ಅತ್ತೆ ಏಳಲಿಲ್ಲ. ಸಿಕ್ಕುವವರೆಗೆ ಇಲ್ಲಿಯೇ ಕೂತಿರುತ್ತೇನೆ ಎಂದರು. ಗುಮಾಸ್ತರು ನಕ್ಕರು. ಸಂಜೆ ಬಾಗಿಲು ಹಾಕುವಾಗಲೂ ಅತ್ತೆ ಬೆಂಚಿನ ಮೇಲಿದ್ದರು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಬಸ್ಸು ಬ್ರಹ್ಮಾವರದಲ್ಲಿ ನಿಂತಾಗ ಲ್ಯಾಬಿನ ಡಾಕ್ಟರರ ಫೋನು ಬಂತು. ಸೋಮವಾರ ಒಂದನೆಯ ತಾರೀಕು, ಖಂಡಿತ ಬರುತ್ತೀರಾ, ಇಲ್ಲದಿದ್ದರೆ ಬೇರೆಯವರೊಬ್ಬರು ಕೇಳಿದ್ದಾರೆ ಎಂದರು. ಬರುತ್ತೇನೆ ಎಂದೆ.

ಆ ದಿನ ಮಧ್ಯಾಹ್ನ ಗುಮಾಸ್ತರು ಕೈಯೆಲ್ಲ ಧೂಳು ಮಾಡಿಕೊಂಡು ಒಂದು ಫೈಲು ತಂದರು. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಕ್ಯಾಂಪಿಗೆ ಬಂದಿದ್ದ ಅದೇ ಬ್ರೇಕ್ ಇನ್‌ಸ್ಪೆಕ್ಟರ್ ಒಂದೊಂದೇ ಹಾಳೆ ತಿರುಗಿಸಿದರು. ನಡುವೆಲ್ಲೋ ಪೆನ್ಸಿಲ್ ಉಜ್ಜಿದ, ಹಳದಿಗಟ್ಟಿದ ಚೀಟಿಯೊಂದು ಪಿನ್ನಿನ ಸುತ್ತ ತುಕ್ಕಾಗಿ ಅಂಟಿಕೊಂಡಿತ್ತು. ಅದನ್ನು ಬಿಡಿಸಿ, ಕ್ಯಾಂಪಿನಲ್ಲಿ ತೆಗೆದ ಕಾಗದದ ಪಕ್ಕದಲ್ಲಿಟ್ಟು, ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಹೊರಗೆ ಯಾರೋ ಲೈಸೆನ್ಸಿನ ವಿಷಯಕ್ಕೆ ಜಗಳವಾಡುತ್ತಿದ್ದರು. ನಾನು ಅತ್ತೆಯ ಸೆರಗಿನ ತುದಿ ಹಿಡಿದುಕೊಂಡಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ.

ಕೊನೆಗೆ ಅವರು ನನ್ನನ್ನು ಕರೆದು ತೋರಿಸಿದರು. ಹಳೆಯ ಚೀಟಿಯ ಮೂರು ನಾವು ಬರೆಯುವ ಹಾಗಿರಲಿಲ್ಲ, ಅದರ ತಲೆ ಚಪ್ಪಟೆಯಾಗಿ ಗೆರೆ ಎಳೆದಂತಿತ್ತು. ಹೊಸ ಕಾಗದದ ಅಂಕಿಯ ತಲೆಯೂ ಚಪ್ಪಟೆ. ಎಂಟು ಆಗಿದ್ದರೆ ತಲೆ ದುಂಡಗಿರಬೇಕಿತ್ತು. ಎಡಗಡೆ ಎಂಟರ ಹಾಗೆ ಮುಚ್ಚಿದಂತೆ ಕಾಣುವುದು ತುಕ್ಕು ತಿಂದ ಗುಳಿ ಎಂದರು. ಸಹಿ ಹಾಕುತ್ತ, ಇನ್ನು ಆ ಜಾಗಕ್ಕೆ ಗ್ರೀಸ್ ಹಚ್ಚಿಡಿ, ಯಾರೂ ಉಜ್ಜಬೇಡಿ ಎಂದರು. ಅತ್ತೆ ಎರಡೂ ಕೈ ಎತ್ತಿ ಮುಗಿದರು. ಆ ಎಳೆಯ ಅಧಿಕಾರಿ ಗಡಿಬಿಡಿಯಿಂದ ಎದ್ದು ನಿಂತರು.

ಸೋಮವಾರದಿಂದ ಕೆಲಸಕ್ಕೆ ಹೋದೆ. ಗಂಡ ಸಮುದ್ರಕ್ಕೆ ಹೋಗಿ ಬರುತ್ತಿದ್ದರು, ಊಟ ಮಾಡುತ್ತಿದ್ದರು, ಬೇಕಾದಷ್ಟೇ ಮಾತು. ಆರ್.ಸಿ. ನವೀಕರಣವಾದದ್ದನ್ನು ಅತ್ತೆಯ ಬಾಯಿಂದ ಕೇಳಿ ತಿಳಿದರು. ಹೀಗೆ ಹನ್ನೆರಡು ದಿನ. ಹದಿಮೂರನೆಯ ಬೆಳಿಗ್ಗೆ ನಾನು ಸ್ಟಾರ್ಟ್ ಮಾಡಿದಾಗ ಅವರು ಚೀಲ ಹಿಡಿದು ಬಂದು ಪಕ್ಕದ ಬಾಗಿಲು ತೆಗೆದರು.

"ತ್ರಾಸಿ ತನ್ಕ ಬಿಡು. ಅಲ್ಲಿಂದ ಗಂಗೊಳ್ಳಿಗೆ ಬಸ್ಸಿತ್ತ್."

ಹೊರಗೆ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಮರವಂತೆ ದಾಟಿದ ಮೇಲೆ ನಾನೇ ಬಾಯಿ ಬಿಟ್ಟೆ. ಆ ದಿನ ಹೇಳಿದ್ದು ತಪ್ಪಾಯಿತು, ಮೆಕ್ಯಾನಿಕ್ ಹೇಳಿದ್ದನ್ನು ನಿಮಗೆ ತಿಳಿಸಿರಲಿಲ್ಲ ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ತಿಕ್ಕುವಾಗ ಒಂದ್ಗಳಿಗೆ, ಇದ್ ಹಾಳಾರೆ ಆಯ್ಲಿ ಅಂದ್ ಅನ್ಸಿದ್ದ್ ಹೌದ್," ಎಂದರು. "ಆರೆ ಹಾಳ್ ಮಾಡುಕೆ ತಿಕ್ಕಲಿಲ್ಲ."

ತ್ರಾಸಿಯಲ್ಲಿ ನಿಲ್ಲಿಸಿದೆ. ಅವರು ಇಳಿದು ಬಾಗಿಲು ಹಾಕಿದರು. ಅದು ಸರಿಯಾಗಿ ಕೂರಲಿಲ್ಲ. ತೆಗೆದು, ಸ್ವಲ್ಪ ಎತ್ತಿ, ಮತ್ತೆ ಹಾಕಿದರು. ತಲ್ಲೂರಿನ ಮೊದಲ ಮನೆಗೆ ನಾನು ಹತ್ತು ನಿಮಿಷ ತಡವಾಗಿ ಮುಟ್ಟಿದೆ. ಆ ಮನೆಯ ಅಜ್ಜ ಕಾಫಿ ಕುಡಿಯದೆ ಜಗಲಿಯಲ್ಲಿ ಕಾಯುತ್ತಿದ್ದರು.