ಅಂಗಾಲಿನ ಕರಿ ಮಚ್ಚೆ

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದವು. ಬಳ್ಳಾರಿಯಿಂದ ಕುರುಗೋಡಿನ ಮೇಲೆ ಹಾಯ್ದು ಸಿರುಗುಪ್ಪಕ್ಕೆ ಹೋಗುವ ಬಸ್ಸಿನ ಡ್ರೈವರು ನಮ್ಮ ಪಕ್ಕದ ಮನೆಯವರು. ಬರಿಗಾಲಲ್ಲೇ ಓಡಿಸುತ್ತಿದ್ದರು, ಚಪ್ಪಲಿ ಹಾಕಿದರೆ ಬ್ರೇಕು ಎಲ್ಲಿದೆಯೆಂದು ತಿಳಿಯುವುದಿಲ್ಲವಂತೆ. ಅವರ ಬಲ ಹಿಮ್ಮಡಿಯ ಕೆಳಗೆ ಒಂದು ಕರಿ ಮಚ್ಚೆ ಇತ್ತು. ಯಾರು ಕೇಳಿದರೂ ಕಾಲು ಮಡಚಿಕೊಂಡು, "ಇದ್ದಿಲ ಮಸಿ ಐತಿ, ತೊಳದ್ರ ಹೋಗತೈತಿ" ಎನ್ನುತ್ತಿದ್ದರು.

ಅವರ ಹೆಂಡತಿ ಕಲ್ಲಿನಿಂದ ಉಜ್ಜಿ ನೋಡಿದರು. ಮಚ್ಚೆ ಹೋಗಲಿಲ್ಲ, ರಕ್ತ ಬಂತು. ಆಮೇಲೂ ಒಂದು ವರ್ಷ ಕಳೆಯಿತು. ಮಚ್ಚೆ ಹರಡಿ ಹುಣ್ಣಾಯಿತು, ತೊಡೆಯ ಸಂದಿಯಲ್ಲಿ ಗಂಟು ಎದ್ದಿತು. ಆಗ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋದರು. ಜೊತೆಗೆ ನಾನೂ ಇದ್ದೆ.

ಡಾಕ್ಟರು ಗಂಟನ್ನು ಒತ್ತಿ ನೋಡಿ, "ಇದು ಚರ್ಮದ ಕ್ಯಾನ್ಸರ್. ಅಂಗಾಲಿನಿಂದ ಮ್ಯಾಲಕ್ಕ ಏರೈತಿ. ಈಗ ಕಾಲು ತಗದ್ರೂ ಉಳೀತೀರಿ ಅಂತ ಹೇಳಾಕ ಆಗಂಗಿಲ್ಲ" ಎಂದರು.

"ಅಂದ್ರ ಬಸ್ಸು ಕುರುಗೋಡು ದಾಟೈತಿ ಅನ್ರಿ," ಎಂದರು ಡ್ರೈವರು. ಡಾಕ್ಟರು ನಗದಿದ್ದಾಗ ಡ್ರೈವರೇ ಕಾಲು ಕೆಳಗಿಳಿಸಿ ಹೇಳಿದರು, "ಹಂಗಾದ್ರ ಕಾಲು ಇರ್ಲಿ ಬಿಡ್ರಿ, ಬ್ರೇಕ್ ತುಳಿಯಾಕ ಬೇಕು."

ಬೇಸಿಗೆಯವರೆಗೂ ಓಡಿಸಿದರು. ಒಂದು ದಿನ ತೆಕ್ಕಲಕೋಟೆಯ ಹತ್ತಿರ ಉಸಿರು ಕಟ್ಟಿ, ಬಸ್ಸನ್ನು ಬದಿಗೆ ನಿಲ್ಲಿಸಿ ಇಳಿದರು. ರೋಗ ಶ್ವಾಸಕೋಶಕ್ಕೆ ಹೋಗಿತ್ತು. ಮಳೆಗಾಲಕ್ಕೆ ಮೊದಲೇ ತೀರಿಕೊಂಡರು.

ಕ್ರಿಯಾಕರ್ಮ ಮುಗಿದ ಮೇಲೆ ಅವರ ಹೆಂಡತಿ ಡಾಕ್ಟರ ಹತ್ತಿರ ಹೋಗಿ, "ರಕ್ತ ಬಂದಾಗಲೇ ಕರ್ಕೊಂಡು ಬಂದಿದ್ರ ಉಳೀತಿದ್ರೇನ್ರಿ?" ಎಂದು ಕೇಳಿದರು.

"ಮಚ್ಚಿ ಅಷ್ಟ ಕೊಯ್ದು ತೆಗೀತಿದ್ವಿ. ಉಳೀಬಹುದಿತ್ತು" ಎಂದರು ಡಾಕ್ಟರು.

ಆಕೆ ಮನೆಗೆ ಬಂದು ಅಂಗಳದ ಬಿಸಿಲಲ್ಲಿ ತಮ್ಮ ಮೂವರು ಮಕ್ಕಳನ್ನೂ ಬೋರಲು ಮಲಗಿಸಿ, ಅಂಗಾಲುಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿ ನೋಡಿದರು. ಕಚಗುಳಿಯಾಗಿ ಮಕ್ಕಳು ನಕ್ಕರು.